ಸೂಜಿ ಮಾಡದ ಡಾಕ್ಟರು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಊರಿಗೆ ಹೋದರೂ ಈ ಇಬ್ಬರು ಸಿಗುತ್ತಾರೆ. ಒಬ್ಬರು ಅರವತ್ತು ದಾಟಿದ ರೈತ. ಭೀಮೆಯ ದಂಡೆಗೆ ಒಂದಿಷ್ಟು ಕಬ್ಬು, ಮೇಲಿನ ಹೊಲದಲ್ಲಿ ತೊಗರಿ, ಜೋಳ. ಇನ್ನೊಬ್ಬಳು ಅವರ ಅಣ್ಣನ ಮಗಳು, ಬಿ.ಎಸ್ಸಿ. ನರ್ಸಿಂಗ್ ಓದಿ ಪಕ್ಕದ ತಾಲೂಕಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದಾಳೆ. ಊರವರ ಬಾಯಲ್ಲಿ ಅವಳು ಸಿಸ್ಟರ್; ಅವಳ ಬಾಯಲ್ಲಿ ಅವರು ಕಾಕಾ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಈ ಮೂರೂ ಇದ್ದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಕಲಬುರಗಿಯಲ್ಲಿ ದೊಡ್ಡ ಆಸ್ಪತ್ರೆಗಳು ಎದ್ದವು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡವೂ ತೆರೆಯಿತು. ಎದೆನೋವಿಗೆ ಹೈದರಾಬಾದು, ಸೊಲ್ಲಾಪುರ ಎಂದು ಓಡುವುದು ಎಷ್ಟೋ ತಪ್ಪಿತು. ಜ್ವರ, ಭೇದಿ, ಮೈಕೈ ನೋವು, ಬಿ.ಪಿ., ಶುಗರ್‌ಗಳ ಕಥೆ ಬೇರೆ. ಇವು ಮನೆಯೊಳಗೇ ಇರುವ ಜಡ್ಡುಗಳು. ಇವಕ್ಕೆ ಯಾರ ಹತ್ತಿರ ಹೋಗಬೇಕು, ಏನು ತೆಗೆದುಕೊಳ್ಳಬೇಕು ಎನ್ನುವುದು ಇವತ್ತಿಗೂ ಇತ್ಯರ್ಥವಾಗದ ಮಾತು.

ಕಾಕಾನ ಹೆಂಡತಿ ಕಾಕಿಗೆ ಮೂರು ದಿನದಿಂದ ಜ್ವರವಿತ್ತು. ಅಣ್ಣನ ಮಗಳು ರಜೆಯ ಮೇಲೆ ಊರಿಗೆ ಬಂದಾಗ ಪಡಸಾಲೆಯ ಗೋಡೆಯ ಮೊಳೆಗೆ ಖಾಲಿ ಸಲೈನ್ ಬಾಟಲಿ ಇನ್ನೂ ಜೋತುಬಿದ್ದಿತ್ತು.

ಸಿಸ್ಟರ್: ಕಾಕಾ, ಇದನ್ನ ಯಾರು ಹಚ್ಚಿದ್ರು?

ಕಾಕಾ: ನಮ್ಮ ಡಾಕ್ಟ್ರು. ಮತ್ತ್ಯಾರು? ಮೈ ಕೆಂಡ ಆಗಿತ್ತು, ಏಳಲಿಕ್ಕಿ ಬರ್ತಿದ್ದಿಲ್ಲ. ಫೋನ್ ಹಚ್ಚಿದ ಅರ್ಧ ತಾಸಿನಾಗ ಗಾಡಿ ಮ್ಯಾಲ ಬಂದ. ಒಂದು ಬಾಟ್ಲಿ ಹಚ್ಚಿದ, ಎರಡು ಸೂಜಿ ಮಾಡಿದ. ಸಂಜಿಗಿ ಎದ್ದು ರೊಟ್ಟಿ ಬಡದಾಳ ನಿಮ್ಮ ಕಾಕಿ. ಇನ್ನೇನ ಬೇಕು?

ಸಿಸ್ಟರ್: ಅವರು ಡಾಕ್ಟ್ರು ಅಲ್ಲ ಅಂಬೂದು ನಿಮಗೂ ಗೊತ್ತದ.

ಕಾಕಾ: ಗೊತ್ತದ, ತಂಗಿ. ಆಳಂದದಾಗ ಯಾವದೋ ದವಾಖಾನಿಯೊಳಗ ಕಂಪೌಂಡರ್ ಇದ್ದ. ಹದಿನೈದು ವರ್ಷ ಅಲ್ಲಿ ಕೈ ಪಳಗಿಸಿಕೊಂಡು ಬಂದಾನ. ಅವನ ಕಾಗದ ನಾ ಏನ ಮಾಡಲಿ? ಜಡ್ಡು ಹೋದ್ರ ಸಾಕು.

ಸಿಸ್ಟರ್: ಬಾಟ್ಲಿ ಕೆಳಗ ಇಳಸ್ರಿ. ಓದ್ತೀನಿ, ಕೇಳ್ರಿ. 500 ಎಂ.ಎಲ್. ಡೆಕ್ಸ್‌ಟ್ರೋಸ್ ನೂರಕ್ಕ 5. ಅಂದ್ರ ಇಡೀ ಬಾಟ್ಲಿಯೊಳಗ 25 ಗ್ರಾಂ ಗ್ಲೂಕೋಸ್, ಐದಾರು ಚಮಚ ಸಕ್ರಿಯಷ್ಟು. ಉಪ್ಪು ನೂರಕ್ಕ 0.9; ಅಂದ್ರ ನಾಲ್ಕೂವರಿ ಗ್ರಾಂ, ಒಂದು ಚಮಚಕ್ಕೂ ತುಸು ಕಮ್ಮಿ. ಉಳದದ್ದೆಲ್ಲ ನೀರು. ಕಾಕಿ ಬಾಯಿಲೆ ನೀರು ಕುಡೀತಿದ್ಲೋ ಇಲ್ಲೋ?

ಕಾಕಾ: ಕುಡೀತಿದ್ಲು. ಚಾ ಕುಡದಾಳ, ಗಂಜಿ ಕುಡದಾಳ.

ಸಿಸ್ಟರ್: ಹಂಗಿದ್ರ ಗಂಜಿಗಿ ಒಂದು ಚಿಟಿಕಿ ಉಪ್ಪು ಹಾಕಿ ಕೊಟ್ಟಿದ್ರ ಇದೇ ಕೆಲಸ ಆಗ್ತಿತ್ತು. ಇನ್ನೊಂದು ಮಾತು. ಕಾಕಿಗಿ ಬಿ.ಪಿ. ಅದ. ದಿನಕ್ಕ ಒಟ್ಟು 5 ಗ್ರಾಂ ಉಪ್ಪಿನಕಿಂತ ಕಮ್ಮಿ ತಿನ್ರಿ ಅಂತ ವಿಶ್ವ ಆರೋಗ್ಯ ಸಂಸ್ಥಿ ಹೇಳ್ತದ. ಆ ದಿನದ ಉಪ್ಪನ್ನ ಹತ್ತಿರ ಹತ್ತಿರ ಪೂರಾ ಈ ಒಂದು ಬಾಟ್ಲಿನೇ ರಕ್ತಕ್ಕ ಹಾಕ್ಯಾದ. ಮ್ಯಾಲ ಉಪ್ಪಿನಕಾಯಿ, ಶೇಂಗಾ ಹಿಂಡಿ ಬ್ಯಾರೆ.

ಕಾಕಾ: ಗಂಜಿ ಎರಡು ದಿನ ಕುಡದ್ಲಲ್ಲ, ಯಾಕ ಏಳಲಿಲ್ಲ? ಬಾಟ್ಲಿ ಹಚ್ಚಿದ ಮ್ಯಾಲೇ ಎದ್ಲು.

ಸಿಸ್ಟರ್: ಮೂರನೇ ದಿನ ಎದ್ಲು, ಕಾಕಾ. ಬಹಳಷ್ಟು ವೈರಲ್ ಜ್ವರ ಮೂರರಿಂದ ಏಳು ದಿನದಾಗ ತಾವೇ ಇಳೀತಾವ. ಇಳಿಯೂ ಹೊತ್ತಿಗಿ ಯಾರು ಸೂಜಿ ಮಾಡಿರ್ತಾರ, ಹೆಸರು ಅವರಿಗೇ. ಆ ಎರಡು ಸೂಜಿ ಯಾವು ಅಂತ ಕೇಳಿದ್ರೇನು?

ಕಾಕಾ: ಒಂದು ನೋವಿಂದು, ಒಂದು ತಾಕತ್ತಿಂದು ಅಂದ.

ಮಗಳು ಅಂಗಳಕ್ಕೆ ಹೋಗಿ, ಕಸದ ಬುಟ್ಟಿಯಲ್ಲಿ ಬಿದ್ದಿದ್ದ ಎರಡು ಸಣ್ಣ ಗಾಜಿನ ಶೀಸೆಗಳನ್ನು ತಂದು ಕಾಕಾನ ಅಂಗೈ ಮೇಲೆ ಇಟ್ಟಳು. ಹೆಬ್ಬೆರಳಿನಷ್ಟು ಉದ್ದ, ಕುತ್ತಿಗೆ ಮುರಿದಿದ್ದವು. ಒಂದರ ಮೇಲೆ ಡೈಕ್ಲೋಫೆನಾಕ್, ಇನ್ನೊಂದರ ಮೇಲೆ ಡೆಕ್ಸಾಮೆಥಸೋನ್ ಎಂದಿತ್ತು.

ಸಿಸ್ಟರ್: ತಾಕತ್ತಿಂದು ಅಂದದ್ದು ಇದೇ. ಸ್ಟಿರಾಯ್ಡ್. ಜ್ವರ ಇಳಿಸ್ತದ, ಹಸಿವು ತರ್ತದ, ಮೈ ಹಗುರ ಅನಸ್ತದ. ಆದ್ರ ಜಡ್ಡಿನ ಮ್ಯಾಲ ಪರದೆ ಎಳೀತದ, ಅಷ್ಟೇ. ಒಮ್ಮೆ ಮಾಡಿದ್ರ ದೊಡ್ಡ ಮಾತಲ್ಲ. ತಿಂಗಳಿಗೊಮ್ಮೆ, ಹದಿನೈದು ದಿನಕ್ಕೊಮ್ಮೆ ಮಾಡಿಸಿಕೊಂಡ್ರ ಶುಗರ್ ಏರ್ತದ, ಎಲುಬು ಸವೀತಾವ, ಮೈಯಾಗಿನ ರೋಗ ತಡಿಯೂ ಶಕ್ತಿ ಕುಗ್ತದ. ಈ ನೋವಿನ ಸೂಜಿ ಇನ್ನೂ ಸೂಕ್ಷ್ಮ. ಇದು ಡೆಂಗಿ ಜ್ವರ ಇದ್ದಿದ್ರ? ಡೆಂಗಿಯೊಳಗ ರಕ್ತ ಹೆಪ್ಪುಗಟ್ಟಿಸೂ ಪ್ಲೇಟ್‌ಲೆಟ್ ಇಳೀತಾವ. ಆವಾಗ ಡೈಕ್ಲೋಫೆನಾಕ್, ಆಸ್ಪಿರಿನ್, ಬ್ರೂಫೆನ್ ಕೊಟ್ರ ಹೊಟ್ಟಿಯೊಳಗ ರಕ್ತ ಸೋರಲಿಕ್ಕಿ ಹಾದಿ ಆಗ್ತದ. ಅದಕ್ಕ ಬರೇ ಪ್ಯಾರಾಸಿಟಮಾಲ್ ಅನ್ನೋದು. ಮ್ಯಾಲ ಡೆಂಗಿದು ಒಂದು ಮೋಸ ಅದ. ಜ್ವರ ಬಿಟ್ಟ ದಿನನೇ ಅಪಾಯ ಶುರು ಆಗ್ತದ. ಹೊಟ್ಟಿ ನೋವು, ನಿಲ್ಲದ ವಾಂತಿ, ಒಸಡಿನ್ಯಾಗ ರಕ್ತ, ಮಂಪರು. ಮನ್ಯಾಗಿನವರು ಜ್ವರ ಬಿಡ್ತು ಅಂತ ನಿಶ್ಚಿಂತಿ ಇರ್ತಾರ.

ಕಾಕಾ: ಅಂದ್ರ ಸೂಜಿನೇ ಕೆಟ್ಟದ್ದು ಅಂತೀಯೇನು? ನೀವೇ ಗುರುವಾರ ಗುರುವಾರ ಅಂಗನವಾಡಿಗಿ ಬಂದು ಕೂಸುಗಳಿಗಿ ಸೂಜಿ ಮಾಡ್ತೀರಿ.

ಸಿಸ್ಟರ್: ಸೂಜಿ ಕೆಟ್ಟದ್ದಲ್ಲ. ಲಸಿಕೆ ಬೇಕು. ಶುಗರ್ ಜಾಸ್ತಿ ಇದ್ದವರಿಗಿ ಇನ್ಸುಲಿನ್ ಬೇಕು. ಹಾವು ಕಡದ್ರ ವಿಷ ಇಳಿಸೂ ಔಷಧ ಸೂಜಿಲೇ ಹೋಗಬೇಕು, ಅದಕ್ಕ ಗುಳಿಗಿ ಇಲ್ಲ.

ಕಾಕಾ: ಹಾವಿನ ಮಾತು ಬಿಡು. ತೊಗರಿ ಕೊಯ್ಯಾಗ ನಮ್ಮ ಆಳುಮಗನಿಗಿ ಮಂಡಲ ಕಡೀತು. ನಾನೇ ಸೀದಾ ತಾಲೂಕು ದವಾಖಾನಿಗಿ ಒಯ್ದೆ. ಮಂತ್ರ ಹಾಕವರ ಕಡಿ ಹೋಗಲಿಲ್ಲ. ಅಲ್ಲಿ ಔಷಧ ಅದ ಅಂತ ಕಣ್ಣಾರ ನೋಡೀನಿ, ಹೋದೆ. ನೀವು ಮಾಡಿ ತೋರಿಸಿದ್ದನ್ನ ನಾವು ನಂಬತೀವಿ. ಬರೇ ಹೇಳಿದ್ದನ್ನ ನಂಬು ಅಂದ್ರ ಹ್ಯಾಂಗ?

ಸಿಸ್ಟರ್: ಹೇಳಿದ್ದಷ್ಟೇ ಅಲ್ಲ, ಮಾಡಿ ತೋರಿಸಿದ್ದೂ ಅದ. 1971ರಾಗ ಬಾಂಗ್ಲಾ ಯುದ್ಧ ಆಯ್ತಲ್ಲ, ನಿಮಗ ನೆನಪಿರಬೇಕು.

ಕಾಕಾ: ಸಣ್ಣಾಂವ ಇದ್ದೆ. ರೇಡಿಯೋ ಸುತ್ತ ಮಂದಿ ಕೂಡ್ತಿತ್ತು.

ಸಿಸ್ಟರ್: ಆವಾಗ ಬಂಗಾಳದ ಬನ್ಗಾಂವ್ ಅನ್ನೂ ಊರಾಗ ನಿರಾಶ್ರಿತರ ಶಿಬಿರ ಇತ್ತು. ಕಾಲರಾ ಬಿತ್ತು. ದವಾಖಾನಿ ನೆಲದ ಮ್ಯಾಲೆಲ್ಲ ವಾಂತಿ-ಭೇದಿ ಆದ ಮಂದಿ. ಸಲಾಯಿನ್ ಬಾಟ್ಲಿ ತೀರಿದ್ವು. ದಿಲೀಪ್ ಮಹಾಲನೋಬಿಸ್ ಅಂತ ಒಬ್ಬ ಡಾಕ್ಟ್ರು ಉಪ್ಪು, ಗ್ಲೂಕೋಸ್, ಸೋಡಾ ಲೆಕ್ಕಲೆ ಕಲಸಿ ಡ್ರಮ್ಮಿನ್ಯಾಗ ನೀರು ಮಾಡಿಸಿದ್ರು. ಮನ್ಯಾಗಿನವರ ಕೈಗೇ ಲೋಟ ಕೊಟ್ಟು ಕುಡಸ್ರಿ ಅಂದ್ರು. ಮೊದಲ ನೂರಕ್ಕ 30 ಮಂದಿ ಸಾಯ್ತಿದ್ರು. ಆಮ್ಯಾಲ ಸಾವು ನೂರಕ್ಕ ನಾಲ್ಕರಕಿಂತ ಕೆಳಗ ಬಂತು. ಅದೇ ಇವತ್ತಿನ ಓಆರ್‌ಎಸ್. ಕರುಳು ಬರೇ ನೀರು ಹೀರಲಿಕ್ಕಿ ಸೋತಾಗೂ ಸಕ್ರಿ-ಉಪ್ಪು ಕೂಡಿ ಬಂದ್ರ ಅದರ ಸಂಗಾಟ ನೀರು ಒಳಗ ಎಳಕೊಳ್ತದ. ಅವರು ತೀರಿಹೋದ ಮ್ಯಾಲ, 2023ರಾಗ ಸರ್ಕಾರ ಪದ್ಮವಿಭೂಷಣ ಕೊಡ್ತು.

ಕಾಕಾ: ಆ ಪುಡಿಕಿ ನಮ್ಮ ಮನ್ಯಾಗೂ ಅದ. ಆಶಾ ಕಾರ್ಯಕರ್ತಿ ಕೊಟ್ಟು ಹೋಗ್ಯಾಳ. ಮೊಮ್ಮಗ ಕುಡದ ಮ್ಯಾಲೂ ಭೇದಿ ನಿಲ್ಲಲಿಲ್ಲ.

ಸಿಸ್ಟರ್: ಅದು ಭೇದಿ ನಿಲ್ಲಸ್ಲಿಕ್ಕಿ ಅಲ್ಲ, ಕಾಕಾ. ಭೇದಿ ಎರಡು-ಮೂರು ದಿನ ಇದ್ದೇ ಇರ್ತದ. ಕೂಸು ಸಾಯೂದು ಭೇದಿಲೆ ಅಲ್ಲ, ನೀರು-ಉಪ್ಪು ಹೋಗಿ. ಹೋದಷ್ಟು ತುಂಬಿಸಿಕೊಂತ ಇದ್ರ ಕೂಸು ಉಳೀತದ, ಭೇದಿ ತನ್ನ ಪಾಡಿಗಿ ತಾ ನಿಲ್ತದ. ಅದರ ಜೊತಿ ಜಿಂಕ್ ಗುಳಿಗಿ 14 ದಿನ. ಆರು ತಿಂಗಳ ದಾಟಿದ ಕೂಸಿಗಿ 20 ಮಿಲಿಗ್ರಾಂ, ಅದಕಿಂತ ಸಣ್ಣದಕ್ಕ 10. ಮುಂದ ಮತ್ತ ಭೇದಿ ಹಚ್ಚೂದು ಕಮ್ಮಿ ಆಗ್ತದ. ಮತ್ತ ಪುಡಿಕಿ ಅರ್ಧ ಅರ್ಧ ಕಲಸಬ್ಯಾಡ್ರಿ. ಒಂದು ಲೀಟರ್ ಪುಡಿಕಿ ಒಂದು ಲೀಟರ್ ನೀರಿಗೇ.

ಕಾಕಾ: ಇದು ನಿಮ್ಮ ಆಶಾ ಹೇಳಿದ್ದಿಲ್ಲ.

ಸಿಸ್ಟರ್: ಹೇಳಬೇಕಿತ್ತು.

ಇಲ್ಲಿಯವರೆಗೆ ಮಗಳ ಕೈ ಮೇಲಾಗಿತ್ತು ಎಂದು ಓದುವವರಿಗೆ ಅನಿಸಬಹುದು. ನನಗೆ ಕಾಕಾನ ಕೊನೆಯ ಮಾತು ದೊಡ್ಡದಾಗಿ ಕಾಣುತ್ತದೆ. ಪೊಟ್ಟಣ ಮನೆ ಮುಟ್ಟಿತ್ತು. ಅದರ ಕೆಲಸವೇನು ಎನ್ನುವ ಮಾತು ಮುಟ್ಟಿರಲಿಲ್ಲ. ಭೇದಿ ನಿಲ್ಲಲಿಲ್ಲ ಎಂದು ಸೋತುಹೋದ ಮನೆಯವರು ಮಾರನೆಯ ದಿನವೇ ಸಲೈನ್ ಹಚ್ಚಿಸಲು ಹೋಗುತ್ತಾರೆ. ಅವರನ್ನು ದೂರುವುದು ಹೇಗೆ?

ಕಾಕಾ: ಈಗ ನಾ ಕೇಳ್ತೀನಿ, ಹೇಳು. ಸರ್ಕಾರಿ ದವಾಖಾನಿಗಿ ಹೋಗಬೇಕಂದ್ರ ಮುಂಜಾನಿ ಬಸ್ಸು ಹಿಡೀಬೇಕು. ಚೀಟಿ ಮಾಡಸಬೇಕು, ಪಾಳಿ ಹಚ್ಚಬೇಕು. ಡಾಕ್ಟ್ರು ಇದ್ರ ಇದ್ರು, ಇಲ್ಲಂದ್ರ ಮೀಟಿಂಗ್. ಒಂದು ದಿನದ ಕೂಲಿ ಹೋಯ್ತು. ಅಲ್ಲಿ ನಾಡಿ ಹಿಡಿಯೂದಿಲ್ಲ, ಮೈ ಮುಟ್ಟೂದಿಲ್ಲ. ಜ್ವರ ಅಂದ್ರ ಬರಕೊಂತನೇ ನಾಲ್ಕು ಗುಳಿಗಿ. ನಮ್ಮಾಂವ ಮನಿಗಿ ಬರ್ತಾನ, ಹಾಸಿಗಿ ಬಾಜೂಕ ಕುಂದರ್ತಾನ, ಏನ ಉಂಡ್ರಿ ಅಂತ ಕೇಳ್ತಾನ. ರೊಕ್ಕ ಇಲ್ಲಂದ್ರ ತೊಗರಿ ಮಾರಿದ ಮ್ಯಾಲ ಕೊಡ್ರಿ ಅಂತಾನ. ನಿಮ್ಮ ದವಾಖಾನಿ ಪುಕ್ಕಟ ಅದ ಖರೆ, ಆದ್ರ ಉದ್ರಿ ಕೊಡೂದು ಇಂವ.

ಸಿಸ್ಟರ್: ಇದಕ್ಕ ನಾ ಇಲ್ಲ ಅನ್ನೂದಿಲ್ಲ. ಲೆಕ್ಕದ ಪ್ರಕಾರ 30 ಸಾವಿರ ಮಂದಿಗಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5 ಸಾವಿರ ಮಂದಿಗಿ ನನ್ನದರಂಥ ಒಂದು ಉಪಕೇಂದ್ರ. ನಾ ಗುತ್ತಿಗಿ ಮ್ಯಾಲ ಇರಾಕಿ. ಸಂಜಿಗಿ ಕೇಂದ್ರ ಬಂದ್. ರಾತ್ರಿ ಬಾಗಲ ಬಡದವರಿಗಿ ನಾ ಸಿಗೂದಿಲ್ಲ. ಆದ್ರ ಉದ್ರಿ ಕೊಡ್ತಾನ ಅಂತ ವಿಷ ತಗೊಳ್ಳೂದೇನು?

ಕಾಕಾ: ವಿಷ ಅನಬ್ಯಾಡವ್ವಾ. ಕಲಬುರಗಿಯೊಳಗ ದೊಡ್ಡ ದೊಡ್ಡ ಡಿಗ್ರಿ ಬರಕೊಂಡ ಖಾಸಗಿಯವರೂ ಒಳಗ ಹೋದ ಕೂಡ್ಲೇ ಬಾಟ್ಲಿ ಹಚ್ಚತಾರ. ಸೊಲ್ಲಾಪುರದಾಗೂ ಅಷ್ಟೇ. ನಮ್ಮಾಂವ ಕಲತದ್ದು ಅವರ ಕಡಿಂದನೇ. ಅವರು ಮಾಡಿದ್ರ ಚಿಕಿತ್ಸಾ, ಇಂವ ಮಾಡಿದ್ರ ನಕಲಿ?

ಸಿಸ್ಟರ್: ಅವರು ಬ್ಯಾಡಾದಾಗ ಹಚ್ಚಿದ್ರ ಅದೂ ತಪ್ಪೇ. ಡಿಗ್ರಿ ಇದ್ದವರು ಮಾಡಿದ್ರಂತ ಸರಿ ಆಗೂದಿಲ್ಲ. ಆದ್ರ ಒಂದು ಫರಕ್ ಅದ. ಅಲ್ಲಿ ಎಡವಟ್ಟ ಆದ್ರ ಕೇಳಲಿಕ್ಕಿ ಒಂದು ಕಾಯ್ದಾ ಅದ, 2007ರಿಂದ ಖಾಸಗಿ ದವಾಖಾನಿಗಳೆಲ್ಲ ನೋಂದಣಿ ಆಗಬೇಕು. ಇವನ ಸೂಜಿ ಕುಂಡಿಯೊಳಗ ತಪ್ಪು ಜಾಗಕ್ಕ ಹೋಗಿ ನರಕ್ಕ ತಾಗಿದ್ರ ಕೂಸಿನ ಪಾದ ಜೋತುಬೀಳ್ತದ, ಜನ್ಮಪೂರ್ತಿ ಕಾಲು ಎಳೀಬೇಕು. ಯಾರ ಕಡಿ ಹೋಗಿ ಕೇಳ್ತೀರಿ? ಉತ್ತರ ಪ್ರದೇಶದ ಉನ್ನಾವ್ ಜಿಲ್ಲಾದಾಗ 2018ರೊಳಗ ಹತ್ತಾರು ಮಂದಿಗಿ ಎಚ್‌ಐವಿ ಅಂಟಿದ್ದು ಹೊರಗ ಬಂತು. ಸೈಕಲ್ ಮ್ಯಾಲ ಊರೂರು ತಿರುಗಿ ಒಂದೇ ಸೂಜಿ ಮತ್ತ ಮತ್ತ ಬಳಸ್ತಿದ್ದ ಅಂತ ಒಬ್ಬನ ಮ್ಯಾಲ ಕೇಸ್ ಆಯ್ತು. ಅವನೂ ಕಮ್ಮಿ ರೊಕ್ಕಕ್ಕ ಮನಿಬಾಗಲಿಗಿ ಬರೂ ಡಾಕ್ಟ್ರೇ.

ಕಾಕಾ: ನಮ್ಮಾಂವ ಹೊಸಾ ಸೂಜಿ ನನ್ನ ಮುಂದೇ ಒಡೀತಾನ. ಸರಿ, ಇಂಥವರು ಇರಬಾರದು ಅಂತಿ. ಹಿಡದು ಜೇಲಿಗಿ ಹಾಕ್ರಿ. ಮರುದಿನ ಯಾರ ಬರ್ತಾರ? ಅದರ ಬದಲಿ ಅವರಿಗೇ ಕಲಸ್ರಿ. ಯಾವುದು ಮಾಡಬೇಕು, ಯಾವುದು ಬ್ಯಾಡ, ಯಾವಾಗ ಮುಂದ ಕಳಸಬೇಕು.

ಸಿಸ್ಟರ್: ಬಂಗಾಳದ ಬೀರ್‌ಭೂಮ್ ಜಿಲ್ಲಾದಾಗ ಅದನ್ನೂ ಮಾಡಿ ನೋಡ್ಯಾರ. ಇಂಥ ಡಾಕ್ಟ್ರುಗಳಿಗಿ ಒಂಬತ್ತು ತಿಂಗಳ ಪಾಠ. ಆಮ್ಯಾಲ ಗುರುತು ಹೇಳದೆ ರೋಗಿಗಳಂಗ ಮಂದಿ ಕಳಿಸಿ ಪರೀಕ್ಷಾ ಮಾಡಿದ್ರು. 2016ರಾಗ ಅದು ಸೈನ್ಸ್ ಪತ್ರಿಕೆಯೊಳಗ ಬಂತು. ಅದನ್ನ ಬರದವರೊಳಗ ಅಭಿಜಿತ್ ಬ್ಯಾನರ್ಜಿನೂ ಇದ್ರು, ಮುಂದ ನೊಬೆಲ್ ಬಂತಲ್ಲ, ಅವರು.

ಕಾಕಾ: ಏನಾಯ್ತು? ಸುಧಾರಿಸಿದ್ರೋ ಇಲ್ಲೋ?

ಸಿಸ್ಟರ್: ನಿಮ್ಮ ಮಾತೂ ಖರೆ ಆಯ್ತು, ನಂದೂ ಖರೆ ಆಯ್ತು. ಪಾಠ ಕಲತವರು ಕಲೀದವರಕಿಂತ ಸರಿ ಚಿಕಿತ್ಸಾ ಕೊಡೂದು ಜಾಸ್ತಿ ಆಯ್ತು. ಸರ್ಕಾರಿ ಡಾಕ್ಟ್ರಿಗೂ ಅವರಿಗೂ ಇದ್ದ ಅಂತರ ಅರ್ಧದಷ್ಟು ತುಂಬ್ತು. ಆದ್ರ ಬ್ಯಾಡಾದ ಔಷಧ, ಬ್ಯಾಡಾದ ಆಂಟಿಬಯೋಟಿಕ್ ಕೊಡೂದು ಮಾತ್ರ ಕಮ್ಮಿ ಆಗಲಿಲ್ಲ.

ಕಾಕಾ: ಯಾಕ ಕಮ್ಮಿ ಆಗ್ತದ? ಅದನ್ನ ಕೊಟ್ರೇ ಅವನ ಹೊಟ್ಟಿ ತುಂಬೂದು.

ಈ ಮಾತಿಗೆ ಮಗಳು ತಕ್ಷಣ ಏನೂ ಹೇಳಲಿಲ್ಲ. ಚೀಲದಿಂದ ಬಿ.ಪಿ. ನೋಡುವ ಯಂತ್ರ ತೆಗೆದು, ನಿಮ್ಮದೊಮ್ಮೆ ನೋಡೋಣ ಬರ್ರಿ ಎಂದಳು. ಬಾಯಿಯ ತಂಬಾಕು ಉಗುಳಿಸಿದಳು. ಬೆನ್ನು ಗೋಡೆಗೆ, ಎರಡೂ ಪಾದ ನೆಲಕ್ಕೆ, ಕಾಲು ಮೇಲೆ ಕಾಲಿಲ್ಲ; ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ದಿಂಬು ಇಟ್ಟಳು. ಐದು ನಿಮಿಷ ಮಾತಿಲ್ಲದೆ ಕೂರಿಸಿದಳು. ಪಟ್ಟಿ ಬಿಗಿಯಾಯಿತು, ಗುರುಗುಟ್ಟಿತು, ಸಡಿಲವಾಯಿತು. ಮೊದಲ ಸಲ 172/104. ಸ್ವಲ್ಪ ಬಿಟ್ಟು ಎರಡನೆಯ ಸಲ 168/102.

ಸಿಸ್ಟರ್: ಗುಳಿಗಿ ಯಾವಾಗ ಬಿಟ್ರಿ?

ಕಾಕಾ: ಉಗಾದಿಗಿ. ಏನೂ ತ್ರಾಸ ಇರಲಿಲ್ಲ. ತಲಿ ತಿರಗೂದಿಲ್ಲ, ಎದಿ ನೋಯೂದಿಲ್ಲ. ಆರಾಮ ಇದ್ದವ ಗುಳಿಗಿ ಯಾಕ ತಿನ್ನಲಿ? ಮ್ಯಾಲ ಕಾಲು ಬಾತಿದ್ವು.

ಸಿಸ್ಟರ್: ಕಾಲು ಬಾವು ಆಮ್ಲೋಡಿಪಿನ್ ಗುಳಿಗಿಲೆ ಕೆಲವರಿಗಿ ಬರ್ತದ. ಬಂದು ಹೇಳಿದ್ರ ಬ್ಯಾರೆ ಗುಳಿಗಿ ಬರೀತಾರ, ಟೆಲ್ಮಿಸಾರ್ಟನ್ ಅಂಥದ್ದು. ಹೇಳದೆ ಬಿಟ್ಟದ್ದು ತಪ್ಪಾಯ್ತು. ಆರಾಮ ಇದ್ದೀನಿ ಅಂದ್ರಲ್ಲ, ಅದೇ ಈ ಜಡ್ಡಿನ ಗುಣ. 140/90 ದಾಟಿದ ಮ್ಯಾಲೂ ವರ್ಷಗಟ್ಟಲೆ ಏನೂ ಗೊತ್ತಾಗೂದಿಲ್ಲ. ಐಸಿಎಂಆರ್‌ದವರು ದೇಶ ತುಂಬ ನೋಡಿ 2023ರಾಗ ಹೇಳ್ಯಾರ, ದೊಡ್ಡವರೊಳಗ ನೂರಕ್ಕ 35 ಮಂದಿಗಿ ಬಿ.ಪಿ. ಅದ, 11 ಮಂದಿಗಿ ಶುಗರ್ ಅದ. ಬಹಳ ಮಂದಿಗಿ ಅದು ಗೊತ್ತೇ ಇಲ್ಲ.

ಕಾಕಾ: ಗೊತ್ತಾಗದ ಜಡ್ಡು ಜಡ್ಡು ಹ್ಯಾಂಗ ಆಗ್ತದ?

ಸಿಸ್ಟರ್: ನಿಮ್ಮ ಕಬ್ಬಿನ ಹೊಲದ ಪೈಪಿಗಿ ಮೋಟಾರ್ ಒತ್ತಡ ಜಾಸ್ತಿ ಆದ್ರ ಏನಾಗ್ತದ?

ಕಾಕಾ: ಒಂದು ಹಂಗಾಮು ತಡೀತದ. ಆಮ್ಯಾಲ ಎಲ್ಲಾದ್ರೂ ಜಾಯಿಂಟ್ ಬಿಡ್ತದ.

ಸಿಸ್ಟರ್: ಮಿದುಳಿನ್ಯಾಗ ಬಿಟ್ರ ಲಕ್ವಾ. ಎದಿಯೊಳಗ ಆದ್ರ ಹಾರ್ಟ್ ಅಟ್ಯಾಕ್. ಕಿಡ್ನಿ ಮಾತ್ರ ಸದ್ದಿಲ್ಲದೆ ಸವೀತದ. ನಾ ಸೂಜಿ ಬ್ಯಾಡ ಅಂತ ಯಾಕ ಜಗಳ ಮಾಡ್ತೀನಿ ಗೊತ್ತೇನು, ಕಾಕಾ? ಆ ಸೂಜಿ ಮಂದಿಗಿ ಒಂದು ರೂಢಿ ಹಚ್ಯಾದ. ಮೈ ಹಗುರ ಆಯ್ತು ಅಂದ್ರ ಜಡ್ಡು ಹೋಯ್ತು, ಔಷಧ ಬಂದ್. ಜ್ವರಕ್ಕ ಅದು ನಡೀತದ. ಬಿ.ಪಿ., ಶುಗರ್‌ಗೂ ಅದೇ ಲೆಕ್ಕ ಹಾಕ್ತಾರ. ಆರಾಮ ಅನಸ್ತದ, ಬಿಡ್ತಾರ. ಇವೆರಡರೊಳಗ ಮೈ ಹೇಳೂ ಸಾಕ್ಷಿ ನಂಬೂಹಂಗಿಲ್ಲ, ಈ ಯಂತ್ರದ ಅಂಕಿನೇ ನೋಡಬೇಕು.

ಕಾಕಾ: ನನ್ನ ಮೈ ನನಗ ಸುಳ್ಳು ಹೇಳ್ತದ, ನಿನ್ನ ಯಂತ್ರ ಖರೆ ಹೇಳ್ತದ ಅಂದ್ರ ಒಪ್ಪೂದು ಬಿರಿ ಅದ. ಸರಿ, ಒಪ್ಪಿದೆ ಅಂತ ತಿಳಕೊ. ಗುಳಿಗಿ ಜನ್ಮಪೂರ್ತಿ ತಿನ್ನಬೇಕು. ಮಳಿಗಾಲದಾಗ ದವಾಖಾನಿಗಿ ಹೋದೆ, ಸ್ಟಾಕ್ ಇಲ್ಲ ಅಂದ್ರು. ಮತ್ತ ಹೋದೆ, ಮುಂದಿನ ವಾರ ಅಂದ್ರು. ಜನ್ಮಪೂರ್ತಿ ತಿನ್ನು ಅನ್ನವರು ಜನ್ಮಪೂರ್ತಿ ಕೊಡಬೇಕಲ್ಲ?

ಸಿಸ್ಟರ್: ಕೊಡಬೇಕು. ಈಗ ಗೃಹ ಆರೋಗ್ಯ ಅಂತ ಯೋಜನಾ ಬಂದಾದ. 30 ವಯಸ್ಸು ದಾಟಿದವರನ್ನ ಮನಿಗೇ ಹೋಗಿ ನೋಡಿ ಗುಳಿಗಿ ಮುಟ್ಟಸಬೇಕು ಅಂತ ಅದ. ಆದ್ರ ನನ್ನ ಕೇಂದ್ರದಾಗೂ ಗುಳಿಗಿ ತೀರಿದ್ದು ಅದ. ಅಂಥ ದಿನ ಮಂದಿ ಮುಖ ನೋಡ್ಲಿಕ್ಕಿ ಆಗೂದಿಲ್ಲ ನನಗ. ತೀರಿದಾಗ ಜನೌಷಧಿ ಅಂಗಡಿಯೊಳಗ ಅದೇ ಗುಳಿಗಿ ಬಹಳ ಅಗ್ಗ ಸಿಗ್ತದ, ತಗೊಳ್ರಿ. ಬಿಡಬ್ಯಾಡ್ರಿ.

ಕಾಕಾ: ತಮ್ಮನಿಗಿ ಲಕ್ವಾ ಹೊಡದಾಗ ನಾವು ಮೊದಲ ಲಕ್ವಾಕ್ಕ ನಾಟಿ ಔಷಧ ಕೊಡೂ ಊರಿಗಿ ಒಯ್ದೆವು. ಪಾರಿವಾಳದ ರಕ್ತ ತಿಕ್ಕಿದ್ರು. ಮೂರು ತಿಂಗಳಿಗಿ ಕೋಲು ಹಿಡದು ನಡದಾಡಿದ. ಅದಕ್ಕ ಏನಂತಿ?

ಸಿಸ್ಟರ್: ಸೂಜಿ ಮಾತಿನಂಗೇ, ಕಾಕಾ. ಲಕ್ವಾ ಹೊಡದ ಮ್ಯಾಲ ಮೊದಲ ಮೂರು ತಿಂಗಳಿನ್ಯಾಗ ಮಿದುಳು ತಾನೇ ಎಷ್ಟೋ ಚೇತರಿಸಿಕೊಳ್ತದ, ತಿಕ್ಕಿದ್ರೂ, ತಿಕ್ಕದಿದ್ರೂ. ಆದ್ರ ರಕ್ತ ಹೆಪ್ಪುಗಟ್ಟಿ ಆದ ಲಕ್ವಾ ಇದ್ರ ನಾಲ್ಕೂವರಿ ತಾಸಿನೊಳಗ ಆ ಹೆಪ್ಪು ಕರಗಿಸೂ ಔಷಧ ಅದ. ಅದಕ್ಕ ಮೊದಲ ಸಿ.ಟಿ. ಸ್ಕ್ಯಾನ್ ಆಗಬೇಕು. ಬಾಯಿ ಒಂದು ಕಡಿ ಸೊಟ್ಟ ಆಯ್ತು, ಒಂದು ಕೈ ಏಳವಲ್ದು, ಮಾತು ತೊದಲ್ತು ಅಂದ ಕೂಡ್ಲೇ 108ಕ್ಕ ಫೋನ್ ಹಚ್ಚಿ ಕಲಬುರಗಿಗಿ ಹೊಂಡಬೇಕು. ಆ ತಾಸುಗಳು ಪಾರಿವಾಳ ಹುಡುಕೂದ್ರಾಗ ಹೋಗಬಾರದು.

ಕಾಕಾ: ಅಫಜಲಪುರದಿಂದ ಕಲಬುರಗಿಗಿ 60 ಕಿಲೋಮೀಟರ್ ಮ್ಯಾಲ ಅದ. ನಮ್ಮ ಹಾದಿ ನೀ ನೋಡಿದ್ದೇ ಅದ.

ಸಿಸ್ಟರ್: ನೋಡೀನಿ.

ಕಾಕಾ: ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಗಾಣಗಾಪುರದ ದತ್ತನ ಗುಡಿಗಿ ಮಂದಿ ಯಾಕ ಬರ್ತಾರ? ಮಹಾರಾಷ್ಟ್ರದಿಂದ, ಆಂಧ್ರದಿಂದ, ಮೈಮ್ಯಾಲ ಬಂದವರನ್ನ, ಫಿಟ್ಸ್ ಇದ್ದವರನ್ನ, ತಲಿ ಕೆಟ್ಟವರನ್ನ ಕರಕೊಂಡು. ಅಲ್ಲಿನ ನದಿ ಸಂಗಮದಾಗ ಮುಳುಗಿ, ಮಧ್ಯಾಹ್ನ ಮಧುಕರಿ ಬೇಡಿ ಉಂಡು, ತಿಂಗಳಗಟ್ಟಲೆ ಇರ್ತಾರ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಹಂಗೇ. ಅಲ್ಲಿ ಯಾರೂ ಅವರಿಗಿ ಹುಚ್ಚ ಅನ್ನೂದಿಲ್ಲ. ತಾಯಿ ಮಗಳ ಕೈ ಹಿಡಕೊಂಡು ಕುಂತಿರ್ತಾಳ. ನಿಮ್ಮ ಮನಸ್ಸಿನ ಡಾಕ್ಟ್ರು ಎಷ್ಟು ಹೊತ್ತು ಮಾತಾಡ್ತಾರ?

ಸಿಸ್ಟರ್: ಗದ್ದಲ ಇದ್ದ ದಿನ ಐದು ನಿಮಿಷಾನೂ ಸಿಗೂದಿಲ್ಲ. ಆ ತಾಯಿ ಕುಂತಿರೂದಕ್ಕ ಬೆಲಿ ಇಲ್ಲ ಅಂತ ನಾ ಎಂದೂ ಅನ್ನೂದಿಲ್ಲ. ಆದ್ರ ಫಿಟ್ಸ್ ಮಿದುಳಿನ ಜಡ್ಡು. ಗುಳಿಗಿ ಸರಿ ತಗೊಂಡ್ರ ನೂರಕ್ಕ 70 ಮಂದಿಗಿ ಫಿಟ್ಸ್ ನಿಲ್ಲಬಹುದು. ಸಂಗಮಕ್ಕ ಬಂದೀವಿ ಅಂತ ಗುಳಿಗಿ ಒಮ್ಮೆಲೆ ಬಿಟ್ರ ನೀರಾಗೇ ಫಿಟ್ಸ್ ಬಂದು ಜೀವ ಹೋಗ್ತದ. ಗುಜರಾತಿನ ಉನಾವಾ ಊರಾಗ ಮೀರಾ ದಾತಾರ್ ದರ್ಗಾ ಅದ. ಅಲ್ಲಿ ದರ್ಗಾದ ಮುಜಾವರರೇ ಹರಕೆ ಮಾಡಿಸಿ ಬಾಜೂಕ ಇರೂ ಮನೋವೈದ್ಯರ ಕಡಿ ಕಳಸ್ತಾರ. ದವಾ-ದುವಾ ಅಂತಾರ ಅದಕ್ಕ. ಸಂಗಮದ ದಂಡ್ಯಾಗೂ ಅಂಥದ್ದೊಂದು ಖೋಲಿ ಇರಬೇಕು ಅಂತ ನನಗ ಬಹಳ ಅನಸ್ತದ. ನಮ್ಮ ತಾಲೂಕು ದವಾಖಾನಿಗಳೊಳಗ ಮಂಗಳವಾರ ಮನೋಚೈತನ್ಯ ಅಂತ ಮನಸ್ಸಿನ ಜಡ್ಡಿನ ತಪಾಸಣಿ ನಡೀತದ, ಅದನ್ನ ಗುಡಿ ಮುಂದ ಯಾರಾದ್ರೂ ಹೇಳಬೇಕಲ್ಲ.

ಕಾಕಾ: ಗುಡಿ ಬಿಡು ಅನ್ನಲಿಲ್ಲ ನೀ. ಅಷ್ಟಕ್ಕ ನಿನ್ನ ಮಾತು ಕೇಳಬೇಕು ಅನಸ್ತದ.

ಸಿಸ್ಟರ್: ಹಂಗಿದ್ರ ನಾಳಿಂದ ಬಿ.ಪಿ. ಗುಳಿಗಿ?

ಕಾಕಾ: ಡಾಕ್ಟ್ರಿಗಿ ತೋರಿಸಿ ಬ್ಯಾರೆ ಗುಳಿಗಿ ಬರಸ್ಕೋತೀನಿ. ಕಾಲು ಬಾಯಲಿಲ್ಲಂದ್ರ ತಿಂತೀನಿ. ಉಪ್ಪಿನಕಾಯಿ ಮಾತ್ರ ಕೇಳಬ್ಯಾಡ. ಈಗ ಕಡೀ ಮಾತು. ರಾತ್ರಿ ಹನ್ನೊಂದಕ್ಕ ಮೊಮ್ಮಗನ ಮೈ ಸುಡಲಿಕ್ಕತ್ತು. ನೀ ಜೇವರ್ಗಿ ಕಡಿ ಇರ್ತಿ. ದವಾಖಾನಿ ಬಂದ್. ಯಾರ ಬಾಗಲ ಬಡೀಲಿ?

ಸಿಸ್ಟರ್: ಮೊದಲ ಕೂಸಿನ್ನ ನೋಡ್ರಿ. ಮಲಿ ಕುಡಿಯವಲ್ದು, ಕುಡದದ್ದೆಲ್ಲ ವಾಂತಿ, ಝಟಕಿ ಬಂತು, ಎಬ್ಬಿಸಿದ್ರ ಏಳವಲ್ದು, ಉಸಿರು ಎಳೀವಾಗ ಪಕ್ಕಿ ಒಳಗ ಜಗ್ತಾವ ಅಂದ್ರ ಯಾರ ಬಾಗಲಾನೂ ಬಡೀಬ್ಯಾಡ್ರಿ, 108. ಎರಡು ತಿಂಗಳೊಳಗಿನ ಕೂಸಿಗಿ ಬರೇ ಜ್ವರ ಇದ್ರೂ ಹಂಗೇ. ಇವ್ಯಾವೂ ಇಲ್ಲಂದ್ರ ಪ್ಯಾರಾಸಿಟಮಾಲ್ ಕೊಡ್ರಿ, ಬಾಟ್ಲಿ ಮನ್ಯಾಗ ಇಟ್ಟಿರ್ರಿ. 5 ಎಂ.ಎಲ್.ಗಿ 125 ಮಿಲಿಗ್ರಾಂ ಅಂತ ಬರದಿರೂದು. ಹತ್ತು ಕಿಲೋ ತೂಕದ ಕೂಸಿಗಿ 5 ಎಂ.ಎಲ್., ಮತ್ತ ಕೊಡೂದಿದ್ರ ಆರು ತಾಸು ಬಿಟ್ಟು. ತೆಳು ಅಂಗಿ ಹಾಕ್ರಿ, ನೀರು ಕುಡಸ್ರಿ, ಮುಂಜಾನಿಗಿ ಕೇಂದ್ರಕ್ಕ ಬರ್ರಿ.

ಕಾಕಾ: ಮುಂಜಾನಿ ತನಕ ಅಳೂ ಕೂಸು ಹೊತಗೊಂಡು ತಿರಗ್ಯಾಡಾಕಿ ನಿಮ್ಮ ಕಾಕಿ. ಅಂವ ಬಾಗಲ ತೆರೀತಾನ.

ಸಿಸ್ಟರ್: ತೆರೀಲಿ. ಒಯ್ರಿ, ಬ್ಯಾಡ ಅನ್ನೂದಿಲ್ಲ. ಕೂಸಿನ ಮೈ ಮುಟ್ಟಿ ನೋಡಲಿ, ಉಸಿರು ಎಣಸಲಿ. ಕೆಟ್ಟ ಲಕ್ಷಣ ಇದ್ರ ಅವನೇ ಗಾಡಿ ಮ್ಯಾಲ ದವಾಖಾನಿಗಿ ಮುಟ್ಟಸಲಿ. ಸೂಜಿ ಮಾತ್ರ ಬ್ಯಾಡ ಅಂತ ನೀವು ಹೇಳ್ರಿ.

ಕಾಕಾ: ಸೂಜಿ ಬ್ಯಾಡ ಅಂದ್ರ ಅವಗ ರೊಕ್ಕ ಯಾವದಕ್ಕ ಕೊಡಲಿ?

ಸಿಸ್ಟರ್: ನೋಡಿದ್ದಕ್ಕ.

ಕಾಕಾ: ನೋಡಿದ್ದಕ್ಕ ನಮ್ಮ ಊರಾಗ ಇಲ್ಲೀತನಕ ಯಾರೂ ರೊಕ್ಕ ಕೊಟ್ಟಿಲ್ಲ, ಮಗಳ. ಬಾಟ್ಲಿಗಿ ಕೊಡ್ತಾರ, ಸೂಜಿಗಿ ಕೊಡ್ತಾರ.

ಸಿಸ್ಟರ್: ಸೂಜಿಗಿ ಎಷ್ಟು ತಗೋತಾನ?

ಕಾಕಾ: ಐವತ್ತು.

ಸಿಸ್ಟರ್: ಅದೇ ಐವತ್ತು ಕೊಡ್ರಿ. ಸೂಜಿ ಮಾಡಬ್ಯಾಡ, ಕೂಸಿನ್ನ ನೋಡಿ ಹೇಳು ಅಂತ.

ಕಾಕಾ: ಅಂವ ತಗೋತಾನೋ ಇಲ್ಲೋ. ಸಂಜಿಗಿ ಕಟ್ಟಿ ಮ್ಯಾಲ ಸಿಗ್ತಾನ, ಕೇಳಿ ನೋಡ್ತೀನಿ.